ಡೌರೊ ಕಣಿವೆಯ ದ್ರಾಕ್ಷಿತೋಟಗಳಲ್ಲಿ ಒಂದು ದಿನ: ನಮ್ಮ ಬೆಳೆಗಾರರು ಯೋಚಿಸತಕ್ಕ ಕೆಲವು ವಿಷಯಗಳು

ನಂದಿಬೆಟ್ಟದ ಸುತ್ತಮುತ್ತಣ ಗ್ರಾಮಗಳಲ್ಲಿ ದ್ರಾಕ್ಷಿಯನ್ನು ಬೆಳೆಯುವ ಭೂಮಾಲೀಕರು ಈಚೆಗೆ ನನ್ನನ್ನು ಒಂದು ಪ್ರಶ್ನೆ ಕೇಳುವುದುಂಟು. ಪಟ್ಟಣದ ಜನರು ತೋಟವನ್ನು ನೋಡುವುದಕ್ಕಾಗಿಯೇ ಹಣ ಕೊಟ್ಟು ಬರುತ್ತಾರೆ. ಇದರಿಂದ ಒಕ್ಕಲುಮಕ್ಕಳಿಗೆ ನಿಜವಾದ ಲಾಭವುಂಟೆ? ಅಥವಾ ಬಳ್ಳಿಗಳನ್ನು ಕಿತ್ತು, ಜಮೀನನ್ನು ವಿಹಾರಗೃಹಗಳನ್ನು ಕಟ್ಟುವವರಿಗೆ ಕೊಟ್ಟುಬಿಡುವುದೇ ಲೇಸೆ? 2008ನೆಯ ಇಸವಿಯಲ್ಲಿ ದೇವನಹಳ್ಳಿಯ ವಿಮಾನನಿಲ್ದಾಣವು ತೆರೆದಂದಿನಿಂದ ಆ ಸೀಮೆಯ ನೆಲದ ಬೆಲೆಯು ಏರುತ್ತ ಬಂದಿರುವುದರಿಂದ, ಈ ಪ್ರಶ್ನೆಯು ಹರಟೆಯ ಮಾತಲ್ಲ. ಎಷ್ಟೋ ಮನೆಗಳಲ್ಲಿ ತಂದೆಮಕ್ಕಳ ನಡುವೆ ವ್ಯಾಜ್ಯಕ್ಕೆ ಕಾರಣವಾಗಿರುವ ಮಾತು.

ಇದಕ್ಕೆ ಉತ್ತರವನ್ನು ಹೇಳುವುದಕ್ಕೆ ಮುಂಚೆ, ನಾನು ರಜೆಯ ಕಾಲದಲ್ಲಿ ಪೋರ್ಚುಗಲ್ ದೇಶದ ಡೌರೊ ನದಿಯ ಕಣಿವೆಯಲ್ಲಿ ಕಳೆದ ಒಂದು ದಿನದ ವೃತ್ತಾಂತವನ್ನು ವಾಚಕರ ಮುಂದಿಡಲು ಅಪೇಕ್ಷಿಸುತ್ತೇನೆ. ಆ ಕಣಿವೆಯ ಬೆಳೆಯು ಬಹುಮಟ್ಟಿಗೆ ದ್ರಾಕ್ಷಾಮದ್ಯವಾಗಿ ಪರಿಣಮಿಸತಕ್ಕದ್ದು. ಮದ್ಯಪಾನವನ್ನು ಪುರಸ್ಕರಿಸುವುದು ಈ ಲೇಖನದ ಉದ್ದೇಶವಲ್ಲ. ನಾನು ನೋಡಲು ಹೋದದ್ದು ನೆಲವನ್ನೂ, ಬಳ್ಳಿಯನ್ನೂ, ಬೆಳೆಗಾರನನ್ನೂ, ಹೇಳತಕ್ಕದ್ದೂ ಅಷ್ಟೆ.

ಪೋರ್ಟೊ ಪಟ್ಟಣದಿಂದ ಬೆಳಗಿನ ಎಂಟು ಗಂಟೆಗೆ ಮೋಟಾರು ಬಂಡಿಯು ಹೊರಡುತ್ತದೆ. ಯಾತ್ರಿಕರ ಜೊತೆಯಲ್ಲಿ ಒಬ್ಬ ಮಾರ್ಗದರ್ಶಿ ಇರುತ್ತಾನೆ. ಪಟ್ಟಣದ ಕಡೆಯ ಪ್ರದೇಶವು ಸಮುದ್ರದ ತೇವದಿಂದ ಹಸುರಾಗಿ ನಮ್ಮ ಮಲೆನಾಡಿನ ಸೆರಗನ್ನು ಹೋಲುತ್ತದೆ. ನಡುವೆ ಮರಾಂವ್ ಎಂಬ ಪರ್ವತವು ಅಡ್ಡಲಾಗಿ ನಿಂತಿದೆ. 2016ರಲ್ಲಿ ಅದರ ಒಡಲನ್ನು ಕೊರೆದು ಐದೂವರೆ ಕಿಲೋಮೀಟರಿಗೂ ಮಿಕ್ಕ ಸುರಂಗಮಾರ್ಗವನ್ನು ತೆರೆದಿದ್ದಾರೆ. ಸುರಂಗದ ಆಚೆಗೆ ಹೋದೊಡನೆಯೇ ಸೀಮೆಯು ಬೇರೆಯಾಗುತ್ತದೆ. ಸಮುದ್ರದ ಮೋಡಗಳನ್ನು ಪರ್ವತವು ತಡೆಯುವುದರಿಂದ ಆಚೆಯ ಕಡೆ ಮಳೆಯು ಕ್ರಮವಾಗಿ ಕಡಿಮೆಯಾಗುತ್ತ, ಸ್ಪೇನಿನ ಗಡಿಯ ಸಮೀಪದಲ್ಲಿ ನಮ್ಮ ವಿಜಯಪುರದ ಮಳೆಗಿಂತಲೂ ಕಡಿಮೆಯಾಗಿರುತ್ತದೆ. ಅದೂ ಚಳಿಗಾಲದಲ್ಲಿ ಬೀಳುವ ಮಳೆ. ಬೇಸಗೆಯಲ್ಲಿ ಬಿಸಿಲು ಬಹು ತೀಕ್ಷ್ಣ. ನೆಲವೋ, ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ಒಡೆಯುವ ಕಲ್ಲು. ಮಣ್ಣೆಂಬುದು ಆ ಕಲ್ಲನ್ನು ಮನುಷ್ಯರು ಹಾರೆಯಿಂದ ಒಡೆದು ಪುಡಿಮಾಡಿದ್ದೇ ಆಗಿದೆ. ಬಳ್ಳಿಯ ಬೇರುಗಳು ಆ ಪದರಗಳ ಸಂದಿನಲ್ಲಿ ಆಳಕ್ಕೆ ಇಳಿದು ತೇವವನ್ನು ಹುಡುಕಿಕೊಳ್ಳುತ್ತವೆ.

ಇಂತಹ ಕಡಿದಾದ ಇಳಿಜಾರಿನಲ್ಲಿ ಬೆಳೆ ನಿಲ್ಲುವುದಕ್ಕೆ ಕಾರಣವು ಕಲ್ಲಿನ ಗೋಡೆಗಳು. ಸುಣ್ಣಗಾರೆಗಳ ಸಂಪರ್ಕವಿಲ್ಲದೆ, ಕಲ್ಲಿನ ಮೇಲೆ ಕಲ್ಲನ್ನು ಹೊಂದಿಸಿ, ಬೆಟ್ಟದ ಬುಡದಿಂದ ನೆತ್ತಿಯವರೆಗೆ ಮೆಟ್ಟಲು ಮೆಟ್ಟಲಾಗಿ ತಾಕುಗಳನ್ನು ಕಟ್ಟಿದ್ದಾರೆ. ಹಳೆಯ ತಾಕುಗಳಲ್ಲಿ ಒಂದೆರಡು ಸಾಲು ಬಳ್ಳಿಗೆ ಮಾತ್ರ ಸ್ಥಳವುಂಟು. ಅಲ್ಲಿ ಯಂತ್ರವು ಹೋಗಲಾರದು, ಕೊಯ್ಲೆಲ್ಲ ಕೈಯಿಂದಲೇ ನಡೆಯಬೇಕು. ಗೋಡೆಯ ಸಂದುಗಳಿಂದ ಮಳೆಯ ನೀರು ಬಸಿದುಹೋಗುತ್ತದೆ, ಮಣ್ಣು ಮಾತ್ರ ನಿಲ್ಲುತ್ತದೆ. ಒಂದು ಕಲ್ಲು ಜಾರಿದರೆ ಆ ವರ್ಷವೇ ಅದನ್ನು ಸರಿಪಡಿಸಬೇಕು. ಅಲಕ್ಷ್ಯಮಾಡಿದಲ್ಲಿ ಮರುವರ್ಷ ಗೋಡೆಯೇ ಕುಸಿಯುತ್ತದೆ. ನಮ್ಮ ಹೊಲದ ಬದುಗಳ ವಿಷಯದಲ್ಲಿ ನಾವು ಪದೇ ಪದೇ ಹೇಳುತ್ತಿರುವುದೂ ಇದನ್ನೇ ಅಲ್ಲವೆ?

ನಡುನಡುವೆ ಕೆಲವು ಇಳಿಜಾರುಗಳಲ್ಲಿ ಗೋಡೆಗಳು ಮಾತ್ರ ನಿಂತು, ಬಳ್ಳಿಯಿಲ್ಲದೆ ಮುಳ್ಳುಪೊದೆಗಳು ಬೆಳೆದಿದ್ದುವು. ಅವೇನೆಂದು ವಿಚಾರಿಸಿದೆನು. 1860ರ ದಶಕದಲ್ಲಿ ಅಮೆರಿಕಾ ಖಂಡದಿಂದ ಬಂದ ಫಿಲಾಕ್ಸರಾ ಎಂಬ ಬೇರುಹೇನು ಈ ಕಣಿವೆಯನ್ನು ಹೊಕ್ಕು ಬಳ್ಳಿಗಳನ್ನು ನಾಶಮಾಡಿತು. ಕಡೆಗೆ ಆ ಹೇನನ್ನು ತಾಳಿಕೊಳ್ಳುವ ಅಮೆರಿಕಾದ ಬಳ್ಳಿಯನ್ನು ಬುಡವಾಗಿಟ್ಟು, ಅದರ ಮೇಲೆ ಸ್ವಂತ ತಳಿಯನ್ನು ಕಸಿಮಾಡಿ ತೋಟಗಳನ್ನು ಉಳಿಸಿಕೊಂಡರು. ನಮ್ಮ ವಿಜಯಪುರದವರು ಉಪ್ಪುನೀರಿಗೂ ಬರಕ್ಕೂ ಅಂಜಿ ಡಾಗ್‌ರಿಡ್ಜ್ ಎಂಬ ಅಮೆರಿಕಾದ ಬುಡದ ಮೇಲೆ ಕಸಿಮಾಡುವುದು ಇದೇ ಉಪಾಯದ ಇನ್ನೊಂದು ರೂಪ. ಆದರೆ ಮತ್ತೆ ನೆಡಲು ಶಕ್ತಿಯಿಲ್ಲದೆ ಊರು ಬಿಟ್ಟವರ ತಾಕುಗಳು ಹಾಗೆಯೇ ಉಳಿದುವು. ಅವಕ್ಕೆ ಆ ಜನರು ಸತ್ತ ನೆಲವೆಂಬ ಅರ್ಥ ಬರುವ ಹೆಸರನ್ನು ಇಟ್ಟಿದ್ದಾರೆ. ಒಂದೂವರೆ ಶತಮಾನ ಕಳೆದರೂ ಅವು ಸತ್ತೇ ಇವೆ.

ಒಂದು ತೋಟದ ಮನೆಯಲ್ಲಿ ನಮ್ಮನ್ನು ಇಳಿಸಿ, ದ್ರಾಕ್ಷಿಯನ್ನು ಕಾಲಿನಿಂದ ತುಳಿಯುವ ಕಲ್ಲಿನ ತೊಟ್ಟಿಗಳನ್ನೂ ಪೀಪಾಯಿಗಳ ಸಾಲನ್ನೂ ತೋರಿಸಿದರು. ಹುಳಿಯುತ್ತಿರುವ ರಸಕ್ಕೆ ನಡುವೆಯೇ ದ್ರಾಕ್ಷಿಯ ಸಾರಾಯವನ್ನು ಸೇರಿಸಿ ಹುಳಿಯುವುದನ್ನು ನಿಲ್ಲಿಸುತ್ತಾರೆ. ಆದಕಾರಣ ಹಣ್ಣಿನ ಸಿಹಿಯು ಉಳಿಯುತ್ತದೆ. ನಾವು ಕನ್ನಡದಲ್ಲಿ ಪೀಪಾಯಿ ಎನ್ನುವ ಮಾತು ಪೋರ್ಚುಗೀಸರ ಪೀಪ ಎಂಬ ಶಬ್ದದಿಂದ ಬಂದದ್ದು. ಡೌರೊ ಸೀಮೆಯಲ್ಲಿ ಇಂದಿಗೂ ಬೆಳೆಯ ಲೆಕ್ಕವು ಪೀಪಾಯಿಯಲ್ಲಿಯೇ ನಡೆಯುತ್ತದೆ. ಒಂದಕ್ಕೆ 550 ಲೀಟರು.

ಊಟವಾದ ಮೇಲೆ ಪಿನ್ಯಾಂವ್ ಎಂಬ ಚಿಕ್ಕ ಊರಿನ ಹೊಳೆಯ ದಡದಿಂದ ಒಂದು ಗಂಟೆಯ ದೋಣಿಯಾತ್ರೆ. ದೋಣಿಯನ್ನು ಹಿಂದೆ ಪೀಪಾಯಿಗಳನ್ನು ಸಾಗಿಸುತ್ತಿದ್ದ ರಬೇಲು ಎಂಬ ಚಪ್ಪಟೆ ತಳದ ದೋಣಿಗಳ ಮಾದರಿಯಲ್ಲಿ ಕಟ್ಟಿದ್ದಾರೆ. ಆ ಕಾಲದಲ್ಲಿ ಈ ನದಿಯು ಬಂಡೆಗಳೂ ಸುಳಿಗಳೂ ತುಂಬಿದ ಭಯಂಕರ ಪ್ರವಾಹವಾಗಿತ್ತು. ನದಿಯ ನಕ್ಷೆಯನ್ನು ಬರೆದು ಹೆಸರಾದ ಫಾರೆಸ್ಟರ್ ಎಂಬ ವರ್ತಕನೇ 1861ರಲ್ಲಿ ವಲೇರ ಎಂಬ ಮಡುವಿನಲ್ಲಿ ದೋಣಿ ಮಗುಚಿ ಮಡಿದನು. 1970 ಮತ್ತು 1980ರ ದಶಕಗಳಲ್ಲಿ ಐದು ಅಣೆಕಟ್ಟುಗಳನ್ನು ಕಟ್ಟಿದ ಮೇಲೆ ನದಿಯು ಕೆರೆಗಳ ಸರಪಳಿಯಂತಾಗಿದೆ. ದೋಣಿಗಳು ಅಣೆಕಟ್ಟನ್ನು ದಾಟುವುದಕ್ಕೆ ನೀರು ತುಂಬಿ ಮೇಲೆತ್ತುವ ಕೋಣೆಗಳುಂಟು. ಕರ್ರಪತೇಲು ಎಂಬಲ್ಲಿ ಹೀಗೆ ಸುಮಾರು 35 ಮೀಟರು ಎತ್ತುತ್ತಾರೆ. 1990ರಿಂದ ಸಮುದ್ರದಿಂದ ಸ್ಪೇನಿನ ಗಡಿಯವರೆಗೆ 210 ಕಿಲೋಮೀಟರು ದೂರವೂ ಯಾತ್ರಿಕರ ಹಡಗುಗಳು ಓಡಾಡುತ್ತಿವೆ.

ಆ ದೋಣಿಯಲ್ಲಿ ಒಂದು ಸ್ಥಳವೂ ಖಾಲಿಯಿರಲಿಲ್ಲ. ಎಲ್ಲರೂ ಎರಡು ದಡಗಳ ಗೋಡೆಗಳನ್ನು ನೋಡಿ ಹರ್ಷಪಡುತ್ತಿದ್ದರು. ನಮ್ಮ ಮಾರ್ಗದರ್ಶಿಯು ಬೆಳೆಗಾರನ ಮಗನೆಂದು ಆಗಲೇ ತಿಳಿದಿತ್ತು. ನಾವು ಕೊಟ್ಟ ಹಣದಲ್ಲಿ ಈ ಗೋಡೆಗಳನ್ನು ಕಟ್ಟಿ ಕಾಪಾಡುವವರಿಗೆ ಎಷ್ಟು ಸಲ್ಲುತ್ತದೆಂದು ಅವನನ್ನು ಕೇಳಿದೆನು. ಅವನು ಸ್ವಲ್ಪ ಯೋಚಿಸಿ, ಊಟ ಹಾಕಿದ ತೋಟದವರಿಗೆ ಒಂದು ಪಾಲು, ದೋಣಿಯವರಿಗೆ ಒಂದು ಪಾಲು, ಕಂಪನಿಯವರಿಗೆ ಉಳಿದದ್ದು, ಗೋಡೆಯವರಿಗೆ ಏನೂ ಇಲ್ಲ ಎಂದನು. ತನ್ನ ತಂದೆಯ ತೋಟವು ಆ ದಡದ ಮೇಲೆಯೇ ಇದೆಯೆಂದೂ, ಈ ವರ್ಷ ಬಿದ್ದ ಗೋಡೆಯನ್ನು ಕಟ್ಟಿಸಲಾಗಲಿಲ್ಲವೆಂದೂ ಹೇಳಿ, ಎದುರಿನ ಬೆಟ್ಟದಲ್ಲಿ ಅದನ್ನು ಬೆರಳಿನಿಂದ ತೋರಿಸಿದನು. ಯಾತ್ರಿಕರು ಅದರ ಛಾಯಾಚಿತ್ರವನ್ನೂ ತೆಗೆದುಕೊಂಡರು.

ಈ ಸಂಗತಿಯು ನನ್ನ ಮನಸ್ಸಿನಲ್ಲಿ ನಾಟಿತು. ಇದರ ಹಿನ್ನೆಲೆಯನ್ನು ವಾಚಕರು ಅರಿಯಬೇಕು. ಡೌರೊ ಸೀಮೆಯಲ್ಲಿ ಬೆಳೆಗಾರನ ರಕ್ಷಣೆಗೆ ಕಾನೂನುಗಳಿಲ್ಲವೆಂದಲ್ಲ. 1756ರಲ್ಲಿಯೇ ಪೊಂಬಾಲ್ ಎಂಬ ಮಂತ್ರಿಯು ಕಲಬೆರಕೆಯನ್ನು ತಡೆಯಲು ಒಂದು ಕಂಪನಿಯನ್ನು ಸ್ಥಾಪಿಸಿ, ಅನಂತರ ಕಲ್ಲಿನ ಕಂಬಗಳನ್ನು ನೆಡಿಸಿ ಸೀಮೆಯ ಎಲ್ಲೆಯನ್ನು ಗೊತ್ತುಮಾಡಿದನು. ಹೀಗೆ ಎಲ್ಲೆ ಕಟ್ಟಿದ ದ್ರಾಕ್ಷಿಸೀಮೆಗಳಲ್ಲಿ ಇದು ಜಗತ್ತಿನ ಅತ್ಯಂತ ಹಳೆಯವುಗಳಲ್ಲಿ ಒಂದು. ಇಂದಿಗೂ ಪ್ರತಿಯೊಂದು ತಾಕನ್ನೂ ಎತ್ತರ, ಇಳಿಜಾರು, ಮಣ್ಣು, ಬಿಸಿಲಿನ ದಿಕ್ಕು ಮುಂತಾದವುಗಳಿಂದ ಪರೀಕ್ಷಿಸಿ ತರಗತಿ ಕಟ್ಟುತ್ತಾರೆ. ಆ ತರಗತಿಯ ಪ್ರಕಾರ ಎಷ್ಟು ಪೋರ್ಟ್ ಮದ್ಯವನ್ನು ಮಾಡಬಹುದೆಂದು ಪ್ರತಿವರ್ಷ ಅಪ್ಪಣೆಯಾಗುತ್ತದೆ. ಅಪ್ಪಣೆಗೆ ಒಳಪಟ್ಟ ಹಣ್ಣಿಗೆ ಒಳ್ಳೆಯ ಬೆಲೆ. ಮಿಕ್ಕಿದ್ದಕ್ಕೆ ಬಹು ಕಡಿಮೆ. ಈ ಅಪ್ಪಣೆಯು 2023ರಲ್ಲಿ 1,04,000 ಪೀಪಾಯಿ ಇದ್ದದ್ದು 2024ರಲ್ಲಿ 90,000ಕ್ಕೂ, 2025ರಲ್ಲಿ 75,000ಕ್ಕೂ ಇಳಿಯಿತು. ಎರಡು ವರ್ಷಗಳಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಕಡಿಮೆಯಾಯಿತೆಂದಾಯಿತು. ಅಲ್ಲಿಯ ಬೆಳೆಗಾರರಲ್ಲಿ ಬಹುಮಂದಿ ಐದಾರು ಎಕರೆಯ ಚಿಕ್ಕ ಹಿಡುವಳಿದಾರರು. ಹಣ್ಣು ಕೊಳ್ಳುವವರಿಲ್ಲವೆಂದು ಅವರು ಬೀದಿಗಿಳಿದು ಮೊರೆಯಿಟ್ಟರು. ಇತ್ತ ಹೊಳೆಯ ಮೇಲೆ ದೋಣಿಗಳು ತುಂಬಿ ಹರಿಯುತ್ತಿದ್ದುವು.

ಹೀಗಿರಲು, ಯಾತ್ರಿಕರು ಬರುವುದೇ ಕೆಟ್ಟದ್ದೆಂದು ತೀರ್ಮಾನಿಸಬಹುದೆ? ನನ್ನ ಅಭಿಪ್ರಾಯವು ಹಾಗಿಲ್ಲ. 1986ರವರೆಗೆ ಪೋರ್ಟ್ ಮದ್ಯವನ್ನು ಸಮುದ್ರದ ಬಳಿಯ ಗಾಯ ಎಂಬ ಪಟ್ಟಣದ ವರ್ತಕರ ಮಳಿಗೆಗಳಿಂದಲೇ ಹೊರದೇಶಗಳಿಗೆ ಕಳುಹಿಸಬೇಕಾಗಿತ್ತು. ಆ ವರ್ಷ ನಿಯಮವು ಸಡಿಲವಾಗಿ, ತೋಟದವನು ತನ್ನ ತೋಟದಿಂದಲೇ ಮಾರಲು ಅವಕಾಶವಾಯಿತು. ಅದರಿಂದ ಕೊಳ್ಳುವವನ ಮುಖವನ್ನು ಬೆಳೆಗಾರನು ನೋಡುವಂತಾಯಿತು; ಬಾಗಿಲು ತೆರೆದು ಯಾತ್ರಿಕನನ್ನು ಬರಮಾಡಿಕೊಂಡ ತೋಟಗಳು ಚೇತರಿಸಿಕೊಂಡುವು. ಆದರೆ ಈ ಅನುಕೂಲವು ಮನೆ, ತೊಟ್ಟಿ, ಬಂಡವಾಳಗಳಿದ್ದವರಿಗೆ ದೊರೆಯಿತೇ ಹೊರತು, ಹಣ್ಣನ್ನು ಮಾತ್ರ ಮಾರುವ ಬಡ ಹಿಡುವಳಿದಾರನಿಗೆ ದೊರೆಯಲಿಲ್ಲ. ದೋಷವಿರುವುದು ಯಾತ್ರಿಕನು ಬರುವುದರಲ್ಲಲ್ಲ, ಅವನ ಹಣವು ಹಂಚಿಕೆಯಾಗುವ ಬಗೆಯಲ್ಲಿ. 2001ರಲ್ಲಿ ವಿಶ್ವಸಂಸ್ಥೆಯ ಅಂಗವಾದ ಯುನೆಸ್ಕೊ ಈ ಕಣಿವೆಯನ್ನು ಜಗತ್ತಿನ ಪರಂಪರೆಯೆಂದು ಗೌರವಿಸಿದ್ದು, ಅದು ಇನ್ನೂ ಬೇಸಾಯ ನಡೆಯುತ್ತಿರುವ ಜೀವಂತ ನೆಲವೆಂಬ ಕಾರಣದಿಂದಲೇ. ಬೇಸಾಯವು ನಿಂತರೆ ಗೋಡೆ ಬೀಳುತ್ತದೆ. ಗೋಡೆ ಬಿದ್ದರೆ ನೋಟವೂ ಹಾಳು, ದೋಣಿಯೂ ಹಾಳು.

ಈ ಮಾತನ್ನು ನಮ್ಮ ಸೀಮೆಗೆ ಅನ್ವಯಿಸಿ ನೋಡೋಣ. 2007ರಲ್ಲಿ ನಮ್ಮ ಸರ್ಕಾರವು ದ್ರಾಕ್ಷಿ ಸಂಸ್ಕರಣೆಯ ಹಾಗೂ ದ್ರಾಕ್ಷಾರಸದ ವಿಷಯವಾಗಿ ಒಂದು ನೀತಿಯನ್ನು ಪ್ರಕಟಿಸಿತು. 2013ರಲ್ಲಿ ಬೆಂಗಳೂರು ನೀಲಿ ದ್ರಾಕ್ಷಿಗೆ ಭೌಗೋಳಿಕ ಗುರುತಿನ ಮನ್ನಣೆಯು ದೊರೆಯಿತು. ನಂದಿಯ ತಪ್ಪಲಿನ ತೋಟಗಳಿಗೆ ಪಟ್ಟಣದವರು ಬರುತ್ತಲೂ ಇದ್ದಾರೆ. ಆದಕಾರಣ ಗ್ರಾಮದ ಮುಖಂಡರಲ್ಲಿಯೂ ಭೂಮಾಲೀಕರಲ್ಲಿಯೂ ನನ್ನ ಅರಿಕೆಗಳು ಇವು:

1. ನೋಟದ ಆಸೆಯಿಂದ ನೆಲವನ್ನು ಕೊಳ್ಳಲು ಬರುವವರಿಗೆ, ಆ ನೋಟವನ್ನು ಉಂಟುಮಾಡಿದ ಬೇಸಾಯವನ್ನೇ ಬಲಿಗೊಡಬಾರದು. ಬಳ್ಳಿಯನ್ನು ಕಿತ್ತು ಕಟ್ಟಡವನ್ನು ಕಟ್ಟಿದ ಮೇಲೆ ಹೊಸಬರು ನೋಡಲು ಬರುವುದು ಏನನ್ನು? ಮೇಲಾಗಿ, ಸಾಗುವಳಿಯ ಜಮೀನನ್ನು ಬೇರೆ ಉಪಯೋಗಕ್ಕೆ ತಿರುಗಿಸಲು ಕಂದಾಯದ ಅಧಿಕಾರಿಗಳ ಅಪ್ಪಣೆಯು ಅವಶ್ಯಕ.

2. ಒಬ್ಬೊಬ್ಬರೇ ಪ್ರತ್ಯೇಕವಾಗಿ ಕಂಪನಿಯವರೊಡನೆ ಕರಾರು ಮಾಡಿಕೊಳ್ಳುವುದಕ್ಕೆ ಬದಲಾಗಿ, ಊರಿನ ಬೆಳೆಗಾರರೆಲ್ಲ ಸಹಕಾರ ಸಂಘವಾಗಿ ಸೇರಿ ಕರಾರು ಮಾಡತಕ್ಕದ್ದು. ಬರುವ ಪ್ರತಿಯೊಬ್ಬ ಯಾತ್ರಿಕನ ಹಣದಲ್ಲಿ ಗೊತ್ತಾದ ಒಂದು ಪಾಲು ಬದು, ಕಾಲುವೆ, ಕೆರೆಗಳ ದುರಸ್ತಿಗೆ ಮೀಸಲಾಗಿರಬೇಕು. ಅದನ್ನು ಕರಾರಿನಲ್ಲಿಯೇ ಬರೆಯಿಸಬೇಕು.

3. ಸಂಪಾದನೆಯು ಬೆಳೆಯ ಆಶ್ರಯದಲ್ಲಿರಬೇಕೇ ಹೊರತು ಬೆಳೆಯು ಸಂಪಾದನೆಯ ಆಶ್ರಯದಲ್ಲಿರಬಾರದು. ಔಷಧ ಸಿಂಪಡಿಸಿದ ದಿನಗಳಲ್ಲಿಯೂ, ಮಳೆಯಿಂದ ನೆಲವು ಹಸಿಯಾಗಿರುವಾಗಲೂ ಯಾರನ್ನೂ ತೋಟದೊಳಕ್ಕೆ ಬಿಡಕೂಡದು. ನೀಲಿ ದ್ರಾಕ್ಷಿಯು ವರ್ಷಕ್ಕೆ ಎರಡು ಬೆಳೆ ಕೊಡುವುದರಿಂದ, ಎರಡು ಕೊಯ್ಲಿನ ಕಾಲಗಳನ್ನು ಮಾತ್ರ ನೋಡುವವರಿಗಾಗಿ ಇಟ್ಟುಕೊಂಡರೆ ಸಾಕು.

4. ಹಸಿಯ ಹಣ್ಣು, ಒಣದ್ರಾಕ್ಷಿ, ರಸ ಇವುಗಳನ್ನು ತೋಟದ ಬಾಗಿಲಿನಲ್ಲಿಯೇ ಮಾರುವುದು ಉತ್ತಮ. ಮದ್ಯವನ್ನು ತಯಾರಿಸುವುದೂ ಮಾರುವುದೂ ಸರ್ಕಾರದ ಪರವಾನಗಿಯಿಲ್ಲದೆ ಅಪರಾಧವೆಂಬುದನ್ನು ಮರೆಯಬಾರದು.

5. ಮಾರ್ಗದರ್ಶನದ ಕೆಲಸವನ್ನು ಊರಿನ ಓದಿದ ಮಕ್ಕಳಿಗೇ ಕೊಡಿಸಬೇಕು. ಬಳ್ಳಿಯನ್ನು ಸವರುವುದು ಯಾವಾಗ, ಏಕೆ, ಎಂಬುದನ್ನು ತಂದೆಯ ಜೊತೆಯಲ್ಲಿ ಕಲಿತ ಹುಡುಗನೂ ಹುಡುಗಿಯೂ ಹೇಳುವಂತೆ ಹೊರಗಿನವರು ಹೇಳಲಾರರು.

ಯಾತ್ರಿಕರ ಸಂಸರ್ಗದಿಂದ ಊರಿನ ನಡತೆಯು ಕೆಡುವುದೆಂದು ಕೆಲವು ಹಿರಿಯರು ಆಕ್ಷೇಪಿಸುತ್ತಾರೆ. ಈ ಭಯವು ನಿರಾಧಾರವಾದುದಲ್ಲ. ಆದರೆ ನೆಲವು ಪರರ ಕೈ ಸೇರಿದ ಮೇಲೆ ನಡತೆಯ ವಿಷಯದಲ್ಲಿ ಮಾತನಾಡುವ ಅಧಿಕಾರವೂ ನಮಗೆ ಉಳಿಯುವುದಿಲ್ಲ. ಮನೆಯ ಯಜಮಾನನು ಮನೆಯಲ್ಲಿದ್ದಾಗ ಅತಿಥಿಯು ಅಂಕೆಯಲ್ಲಿರುತ್ತಾನೆ. ಮಾರಬೇಡಿರೆಂದು ಕೈಕಟ್ಟುವ ಅಧಿಕಾರವು ನನಗೆ ಇಲ್ಲ. ಸಾಲ, ಮದುವೆ, ಕಾಯಿಲೆಗಳ ಹೊರೆಯು ಎಂತಹದೆಂಬುದನ್ನು ಹಳ್ಳಿಹಳ್ಳಿಯನ್ನು ತಿರುಗುವ ನಾನು ಬಲ್ಲೆನು. ಮಾರುವುದಕ್ಕೆ ಮುಂಚೆ ಊರವರು ಒಂದೆಡೆ ಕುಳಿತು ಲೆಕ್ಕಹಾಕಲೆಂಬುದಷ್ಟೇ ನನ್ನ ಪ್ರಾರ್ಥನೆ.

ಸಂಜೆ ಬಂಡಿಯು ಪಟ್ಟಣಕ್ಕೆ ಹಿಂತಿರುಗುವಾಗ ಯಾತ್ರಿಕರೆಲ್ಲರೂ ನಿದ್ರೆಹೋಗಿದ್ದರು. ಮಾರ್ಗದರ್ಶಿಯು ನನ್ನ ಬಳಿ ಬಂದು, ನಿಮ್ಮ ದೇಶದಲ್ಲಿ ಗೋಡೆಯನ್ನು ಯಾರು ಕಟ್ಟಿಸುತ್ತಾರೆಂದು ಕೇಳಿದನು. ನಾನು ಸರಿಯಾದ ಉತ್ತರವನ್ನು ಕೊಡಲಾರದೆ ಹೋದೆನು. ಈ ಲೇಖನವನ್ನು ಓದಿದ ಗ್ರಾಮಸ್ಥರು ತಮ್ಮ ತಮ್ಮ ಊರುಗಳಲ್ಲಿ ಕೈಕೊಂಡ ಏರ್ಪಾಡುಗಳನ್ನು ಈ ಪತ್ರಿಕೆಗೆ ಬರೆದು ತಿಳಿಸಿದಲ್ಲಿ, ಇತರರಿಗೆ ಉಪಕಾರವಾಗುವುದಲ್ಲದೆ, ಆ ಪ್ರಶ್ನೆಗೆ ಉತ್ತರವೂ ದೊರೆತಂತಾಗುವುದು.