ಲೋಟದ ಪಿಎಚ್ ಬಿಡಿ, ನಾಲಾದ ಕಡೆ ನೋಡಿ



ಹೋದ ತಿಂಗಳು ಹಿಮಾಯತ್‌ನಗರದಲ್ಲೇ ಗೆಳತಿಯೊಬ್ಬಳ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದೆ. ಅಲ್ಲಿಗೆ ‘ಆಲ್ಕಲೈನ್ ನೀರಿನ’ ಯಂತ್ರ ಮಾರುವವರೊಬ್ಬರು ಬಂದಿದ್ದರು. ಮನೆಯ ಆರ್‌ಒ ನೀರಿಗೆ ಎರಡು ಹನಿ ಬಣ್ಣ ಹಾಕಿದರು, ಹಳದಿಯಾಯಿತು. ತಮ್ಮ ಯಂತ್ರದ ನೀರಿಗೆ ಹಾಕಿದರು, ನೇರಳೆಯಾಯಿತು. “ನೋಡಿ ಮೇಡಂ, ನೀವು ದಿನಾ ಕುಡಿಯುತ್ತಿರುವುದು ಆಸಿಡ್” ಎಂದರು. ಬೆಲೆ ಲಕ್ಷದ ಮೇಲೆ. ಗೆಳತಿ ಕಂತಿನ ಲೆಕ್ಕ ಕೇಳತೊಡಗಿದಳು.

ಬಣ್ಣ ಸುಳ್ಳಲ್ಲ, ಅದಕ್ಕೆ ಹೇಳಿದ ಅರ್ಥ ಸುಳ್ಳು. ಪಿಎಚ್ 7 ಅಂದರೆ ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ. ಆರ್‌ಒ ಲವಣಗಳನ್ನು ತೆಗೆಯುವುದರಿಂದ ಅದರ ನೀರು 6ರ ಹತ್ತಿರ ಇಳಿಯಬಹುದು. ಆದರೆ ನಿಂಬೆರಸ 2ರಿಂದ 3. ನಮ್ಮ ಹೊಟ್ಟೆಯ ಆಮ್ಲವೇ ಸುಮಾರು 1.5ರಿಂದ 3.5. ಯಾವ ನೀರು ಕುಡಿದರೂ ಅದು ಹೋಗಿ ಬೀಳುವುದು ಆ ಆಮ್ಲಕ್ಕೇ. ರಕ್ತವನ್ನು 7.35ರಿಂದ 7.45ರೊಳಗೆ ಇಡುವ ಕೆಲಸವನ್ನು ಶ್ವಾಸಕೋಶ, ಮೂತ್ರಪಿಂಡಗಳು ಬಿಟ್ಟಿಯಾಗಿ ಮಾಡುತ್ತವೆ. ಮೂತ್ರಪಿಂಡದ ತೊಂದರೆ ಇರುವವರು ಇಂಥ ನೀರು ಕುಡಿಯುವ ಮೊದಲು ವೈದ್ಯರನ್ನು ಕೇಳಲೇಬೇಕು.

ಹಾಗಾದರೆ ಪಿಎಚ್ ಯಾರಿಗೆ ಮುಖ್ಯ? ಹೊಳೆಯಲ್ಲಿ ಬದುಕುವ ಜೀವಕ್ಕೆ. ಮೀನಿನ ಕಿವಿರು ಹಗಲು ರಾತ್ರಿ ನೀರಿಗೆ ತೆರೆದಿರುತ್ತದೆ. ಪಿಎಚ್ 5ಕ್ಕೆ ಇಳಿದರೆ ಹೆಚ್ಚಿನ ಮೀನುಗಳ ಮೊಟ್ಟೆ ಮರಿಯಾಗುವುದಿಲ್ಲ. ಮಣ್ಣಿನಲ್ಲಿರುವ ಅಲ್ಯೂಮಿನಿಯಂ ಕರಗಿ ಕಿವಿರಿಗೆ ಅಂಟುತ್ತದೆ. ಕಳೆದ ಶತಮಾನದಲ್ಲಿ ಆಮ್ಲಮಳೆಯಿಂದ ನಾರ್ವೆ, ಸ್ವೀಡನ್ ದೇಶಗಳ ಸಾವಿರಾರು ಕೆರೆಗಳಲ್ಲಿ ಮೀನು ಸತ್ತವು. ಸ್ವೀಡನ್‌ನವರು ಕೆರೆಗಳಿಗೆ ಸುಣ್ಣ ಸುರಿಯಬೇಕಾಯಿತು.

ಈಗ ನಮ್ಮ ಊರಿಗೆ ಬನ್ನಿ. ಹುಸೇನ್ ಸಾಗರದಿಂದ ಹೊರಟ ನಾಲಾ ದೋಮಲಗುಡ, ಅಶೋಕನಗರ ದಾಟಿ ಮೂಸಿ ಸೇರುತ್ತದೆ. ನಾವು ಅದರ ಹತ್ತಿರ ಹೋದರೆ ಮೂಗು ಮುಚ್ಚಿಕೊಳ್ಳುತ್ತೇವೆ. 1908ರ ಪ್ರವಾಹದ ನಂತರ ಮೂಸಿಯನ್ನು ಹತೋಟಿಗೆ ತರುವ ಯೋಜನೆ ಕೊಟ್ಟವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು. ಇಂದು ಅದೇ ಮೂಸಿಯ ಪಿಎಚ್ ಅಳೆದರೆ ಸಾಮಾನ್ಯವಾಗಿ 7ರಿಂದ 8ರೊಳಗೇ ಬರುತ್ತದೆ! ಲೋಟದ ಲೆಕ್ಕದಲ್ಲಿ ಅದು ‘ಒಳ್ಳೆಯ ನೀರು’. ಆದರೆ ಕೊಳಚೆ ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ತಿಂದುಬಿಡುತ್ತದೆ. ಮೀನು ಉಸಿರಾಡುವುದು ಹೇಗೆ? *ಒಂದೇ ಅಂಕಿಯಿಂದ ಆರೋಗ್ಯ ತಿಳಿಯುವುದಿಲ್ಲ. ಹೊಳೆಗೂ ಅಷ್ಟೇ, ದೇಹಕ್ಕೂ ಅಷ್ಟೇ.*

ಆ ನೀರು ಅಲ್ಲಿಗೇ ಮುಗಿಯುವುದಿಲ್ಲ. ಊರ ಕೆಳಗೆ ಪೀರ್ಜಾದಿಗುಡದ ಕಡೆ ಮೂಸಿ ನೀರಿನಲ್ಲೇ ಎಮ್ಮೆಗಳಿಗೆ ಹುಲ್ಲು ಬೆಳೆಯುತ್ತಾರೆ, ಸೊಪ್ಪೂ ಬೆಳೆಯುತ್ತಾರೆ. ರೈತರ ತಪ್ಪಲ್ಲ, ನಾವು ಕಳಿಸಿದ ನೀರೇ ಅವರಿಗೆ ಸಿಗುವುದು. ಹಾಲಾಗಿ, ಪಾಲಕ್ ಆಗಿ ಅದು ನಗರದ ಅಡುಗೆಮನೆಗೇ ವಾಪಸು ಬರುತ್ತದೆ.

ಕಾರ್ಖಾನೆ, ಸರ್ಕಾರ ಮಾಡಬೇಕಾದ್ದು ಬೆಟ್ಟದಷ್ಟಿದೆ, ಅದನ್ನು ಕೇಳುತ್ತಲೇ ಇರಬೇಕು. ನಮ್ಮ ಕೈಯಲ್ಲಿರುವುದು ಇಷ್ಟು:

1. ಬಚ್ಚಲು ತೊಳೆಯಲು ಆಸಿಡ್ ಬೇಡ. ಸೋಪಿನ ಪುಡಿ, ಬ್ರಷ್ ಸಾಕು. ಆಸಿಡ್‌ಗೆ ಬ್ಲೀಚಿಂಗ್ ಪೌಡರ್ ಬೆರೆತರೆ ಕ್ಲೋರಿನ್ ವಿಷಗಾಳಿ ಏಳುತ್ತದೆ, ಮನೆಗೆಲಸದ ಅಮ್ಮನಿಗೂ ಹೇಳಿ.

2. ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ.

3. ಬಣ್ಣವಿಲ್ಲದ ಮಣ್ಣಿನ ಗಣಪನನ್ನೇ ತನ್ನಿ. ಬಕೆಟ್‌ನಲ್ಲಿ ಬಿಟ್ಟು, ಆ ಮಣ್ಣನ್ನು ತುಳಸಿ ಕುಂಡಕ್ಕೆ ಹಾಕಿ.

4. ಸೊಪ್ಪನ್ನು ಎರಡು ಮೂರು ನೀರಿನಲ್ಲಿ ತೊಳೆದು, ಬೇಯಿಸಿಯೇ ತಿನ್ನಿ.

ಇದಕ್ಕೆಲ್ಲ ಲಕ್ಷ ರೂಪಾಯಿ ಬೇಡ. ಗೆಳತಿ ಇನ್ನೂ ಯೋಚನೆ ಮಾಡುತ್ತಿದ್ದಾಳೆ, ಅವಳಿಗೂ ಇದನ್ನು ಕಳಿಸಿದ್ದೇನೆ. ನಿಮ್ಮ ಮನೆಗೂ ಬಣ್ಣದ ಹನಿ ಹಿಡಿದು ಯಾರಾದರೂ ಬರುವ ಮೊದಲು ನಿಮ್ಮವರಿಗೆ ಕಳಿಸಿಬಿಡಿ.