ಮೂರು ಸೀಟಿನ ಪಕ್ಷ ಹೇಳಿದ್ದು

‘ಗೆಲ್ಲೋರಿಗೇ ಹಾಕಮ್ಮ, ಸೋಲೋರಿಗೆ ಹಾಕಿ ಓಟು ಹಾಳು ಮಾಡ್ಬೇಡ’. ಮೊದಲ ಸಲ ಮತ ಹಾಕಲು ಹೊರಟಾಗ ದೊಡ್ಡಪ್ಪ ಹೇಳಿದ ಮಾತಿದು. ಅದು ನೆನಪಾದಾಗಲೆಲ್ಲ ನೆದರ್ಲೆಂಡ್ಸ್‌ನ ಎಸ್‌ಜಿಪಿ ಎಂಬ ಪುಟ್ಟ ಪಕ್ಷವೂ ನೆನಪಾಗುತ್ತದೆ.

1918ರಲ್ಲಿ ಹುಟ್ಟಿದ ಈ ಕಟ್ಟಾ ಕ್ರೈಸ್ತ ಪಕ್ಷ 1922ರಿಂದಲೂ ಸಂಸತ್ತಿನಲ್ಲಿದೆ. 150 ಸ್ಥಾನಗಳ ಕೆಳಮನೆಯಲ್ಲಿ ಅದಕ್ಕೆ ಸಿಗುವುದು ಎರಡೋ ಮೂರೋ. ಆದರೂ ಭಾನುವಾರ ವಿಶ್ರಾಂತಿಗೇ ಮೀಸಲಿರಲಿ, ಗರ್ಭಪಾತ ಬೇಡ ಎಂಬ ನಿಲುವು ಬಿಡದೆ ಚುನಾವಣೆಗಿಳಿಯುತ್ತದೆ. ಅಲ್ಲಿ ದೇಶದಾದ್ಯಂತ ಬಿದ್ದ ಮತಗಳಿಗೆ ತಕ್ಕಂತೆ ಸ್ಥಾನ ಹಂಚುವುದರಿಂದ ಸಣ್ಣ ಗುಂಪಿನ ಮತವೂ ಲೆಕ್ಕಕ್ಕೆ ಬರುತ್ತದೆ.

ಇದೇ ಪಕ್ಷ ಹೆಣ್ಣುಮಕ್ಕಳಿಗೆ ಟಿಕೆಟ್ ಕೊಡುತ್ತಿರಲಿಲ್ಲ. ಮಹಿಳಾ ಸಂಘಟನೆಗಳು ಕೋರ್ಟ್ ಮೆಟ್ಟಿಲೇರಿದ ಮೇಲೆ, 2013ರಲ್ಲಿ ನಿಯಮ ಬದಲಾಯಿತು. ಮರುವರ್ಷ ವ್ಲಿಸಿಂಗೆನ್ ನಗರಸಭೆಗೆ ಲಿಲಿಯನ್ ಯಾನ್ಸೆ ಆಯ್ಕೆಯಾದರು.

ಹುಡುಗಿಯಾದ ನಾನು ಇಂಥ ಪಕ್ಷಕ್ಕೆ ಖಂಡಿತ ಮತ ಹಾಕಲಾರೆ. ಆದರೆ ಹಾಕಿದವರ ದನಿಯೂ ಸಂಸತ್ತಿನಲ್ಲಿ ಕೇಳಿಸಬೇಕು. ಅದರ ತಪ್ಪನ್ನು ಕಾನೂನು ತಿದ್ದಬೇಕು. ಅಲ್ಲಿ ಎರಡೂ ಆಗಿವೆ. ನಮ್ಮಲ್ಲಿ ಕ್ಷೇತ್ರಕ್ಕೊಬ್ಬರೇ ಗೆಲ್ಲುವುದು, ನಿಜ. ಆದರೂ ದೊಡ್ಡಪ್ಪ, ಮನಸ್ಸಿಗೆ ಒಪ್ಪಿದವರಿಗೆ ಹಾಕಿದ ಓಟು ಹಾಳಾಗುವುದಿಲ್ಲ. ಒಪ್ಪದಿದ್ದರೂ ಗೆಲ್ಲುವವರೆಂದು ಹಾಕಿದ್ದೇ ಹಾಳು.