ಕುಂಡ ಮೀರಿದ ಬೇರಿಗೆ ಕತ್ತರಿ ಬೇಡ

ಅಂಗಡಿಯಿಂದ ಕೊಂಡು ತಂದ ಆರ್ಕಿಡ್ ಗಿಡ ಈಗ ದೊಡ್ಡ ಪಟ್ಟಣದ ಮನೆಗಳಿಗಷ್ಟೇ ಸೀಮಿತವಲ್ಲ. ಬೆಂಗಳೂರಿನಲ್ಲಿ ಓದುವ ಮಕ್ಕಳು ರಜೆಗೆ ಬರುವಾಗ ಅಮ್ಮನಿಗೆಂದು ತರುವ ಉಡುಗೊರೆಯಾಗಿ ಶಿಕಾರಿಪುರ, ಸೊರಬದ ಕಡೆಯ ಹಳ್ಳಿಮನೆಗಳ ಜಗಲಿಯಲ್ಲೂ ಅದು ಕಾಣಿಸಿಕೊಳ್ಳುವುದುಂಟು. ಎರಡು ಮೂರು ತಿಂಗಳು ಬಾಡದೆ ನಿಲ್ಲುವ ಹೂವಿಗೆ ಎಲ್ಲರ ಮೆಚ್ಚುಗೆಯೂ ಸಲ್ಲುತ್ತದೆ. ಕಷ್ಟ ಶುರುವಾಗುವುದು ಹೂ ಉದುರಿದ ಮೇಲೆ. ಅಲ್ಲಿಯವರೆಗೆ ಯಾರೂ ಗಮನಿಸದ ಬೇರು ಆಗ ಕಣ್ಣಿಗೆ ಬೀಳುತ್ತದೆ. ಕುಂಡದೊಳಗೆ ಹಗ್ಗದಂತೆ ಸುತ್ತಿಕೊಂಡು, ಅಂಚು ದಾಟಿ ಹೊರಬಂದು, ಗಾಳಿಯಲ್ಲಿ ಅಡ್ಡಾದಿಡ್ಡಿ ಚಾಚಿಕೊಂಡ ಬೂದುಬಣ್ಣದ ಬೇರುಗಳು! ಗಿಡಕ್ಕೆ ಏನೋ ರೋಗ ಬಂತೆಂದು ಕೆಲವರು ಕತ್ತರಿ ಹಿಡಿದು ಅವನ್ನೆಲ್ಲ ಸವರಿಬಿಡುತ್ತಾರೆ. ಇನ್ನು ಕೆಲವರು ದೊಡ್ಡ ಕುಂಡ ತಂದು, ತೋಟದ ಮಣ್ಣು ಗೊಬ್ಬರ ತುಂಬಿ, ಬೇರುಗಳನ್ನು ಅದರೊಳಗೆ ಹೂಳುತ್ತಾರೆ. ಎರಡೂ ಪ್ರೀತಿಯಿಂದ ಮಾಡಿದ ಕೆಲಸಗಳೇ. ಆದರೆ ಎರಡರಲ್ಲೂ ಗಿಡ ಸೊರಗಿ ಸಾಯುವ ಸಂಭವ ಹೆಚ್ಚು.

ಕುಂಡ ಮೀರಿ ಬೆಳೆದ ಬೇರು ಆರ್ಕಿಡ್‌ಗೆ ರೋಗವಲ್ಲ. ಮುಟ್ಟಿದರೆ ಗಟ್ಟಿಯಾಗಿದ್ದರೆ ಅದು ಆರೋಗ್ಯದ ಗುರುತು. ಈ ಒಂದು ಮಾತು ತಿಳಿದಿದ್ದರೆ ಎಷ್ಟೋ ಗಿಡಗಳು ಉಳಿಯುತ್ತವೆ.

ಮರದ ಮೇಲಿನ ಪಾಠ

ಇದನ್ನು ಅರಿಯಲು ಬಳ್ಳಿಗಾವಿ ಸೀಮೆಯ ವಿದ್ಯಾರ್ಥಿಗಳು ಬಹುದೂರ ಹೋಗಬೇಕಾಗಿಲ್ಲ. ಬಳ್ಳಿಗಾವಿ ಇರುವುದು ಮಲೆನಾಡೂ ಬಯಲುಸೀಮೆಯೂ ಕೈಹಿಡಿಯುವ ಅಂಚಿನಲ್ಲಿ. ಪಕ್ಕದ ಸೊರಬ ತಾಲ್ಲೂಕು ಕಾನುಗಳಿಗೆ ಹೆಸರಾದದ್ದು. ಹಳ್ಳಿಗರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಈ ದಟ್ಟ ಕಾಡಿನ ತುಂಡುಗಳನ್ನು ಕುರಿತು ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು 1868ರಷ್ಟು ಹಿಂದೆಯೇ ವರದಿ ಬರೆದಿದ್ದರು. ಮಲೆನಾಡಿನ ಹಳೆಯ ಮರಗಳ ಕವಲುಗಳಲ್ಲಿ ಬೆಳೆಯುವ ಸೀತಾಳೆಯೂ ಒಂದು ಆರ್ಕಿಡ್ ಗಿಡವೇ. ಮಳೆಗಾಲದ ಹೊಸ್ತಿಲಲ್ಲಿ ನರಿಯ ಬಾಲದಂತೆ ಇಳಿಬೀಳುವ, ಬಿಳಿಯ ಮೇಲೆ ನೇರಳೆ ಚುಕ್ಕಿಯ ಹೂಗೊಂಚಲು ಅದರದು. ಸಸ್ಯಶಾಸ್ತ್ರಜ್ಞರು ಇಟ್ಟ ಹೆಸರು ರಿಂಕೋಸ್ಟೈಲಿಸ್ ರೆಟ್ಯೂಸ. ಇದೇ ಹೂ ಅಸ್ಸಾಮಿನಲ್ಲಿ ರಾಜ್ಯಪುಷ್ಪ. ಅಲ್ಲಿನ ಹೆಣ್ಣುಮಕ್ಕಳು ಬಿಹು ಕುಣಿತದಲ್ಲಿ ಇದನ್ನು ಮುಡಿಯುತ್ತಾರೆ. ಅಡಿಕೆ ತೋಟದವರಿಗೆ ಪರಿಚಯವಿರುವ ವೆನಿಲ್ಲಾ ಬಳ್ಳಿ ಕೂಡ ಆರ್ಕಿಡ್ ಕುಟುಂಬದ್ದೇ. ಹೀಗಾಗಿ ಆರ್ಕಿಡ್ ನಮಗೆ ಪರದೇಶಿ ಅತಿಥಿಯೇನಲ್ಲ.

ಸೀತಾಳೆಯ ಬೇರು ಎಲ್ಲಿದೆ? ಒಂದಷ್ಟು ಮರದ ತೊಗಟೆಗೆ ಅಂಟಿಕೊಂಡಿರುತ್ತದೆ, ಉಳಿದದ್ದು ಗಾಳಿಯಲ್ಲಿ ಜೋಲಾಡುತ್ತಿರುತ್ತದೆ. ಅದಕ್ಕೆ ಮಣ್ಣಿನ ಸೋಂಕೇ ಇಲ್ಲ. ಮಳೆ ಬಂದಾಗ ತೋಯುತ್ತದೆ, ನಿಂತಾಗ ಬೇಗ ಒಣಗುತ್ತದೆ. ತೊಯ್ಯುವುದು, ಒಣಗುವುದು ಎರಡೂ ಅದಕ್ಕೆ ಬೇಕು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಮರದ ಮೇಲೆ ಬೆಳೆಯುವುದೆಲ್ಲ ಬಂದಳಿಕೆ ಎಂದು ಹಲವರು ಭಾವಿಸುತ್ತಾರೆ. ಬಂದಳಿಕೆ ಎಂದೊಡನೆ ಶಿಕಾರಿಪುರ ತಾಲ್ಲೂಕಿನ ಮಕ್ಕಳಿಗೆ ಬಸದಿ, ಗುಡಿಗಳ ಆ ಹೆಸರಿನ ಹಳೆಯ ಊರು ನೆನಪಾಗಬಹುದು. ಗಿಡದ ಲೋಕದ ಬಂದಳಿಕೆಯ ಕಥೆ ಬೇರೆ. ಅದು ಮಾವಿನಂಥ ಮರದ ಕೊಂಬೆಯೊಳಕ್ಕೆ ತನ್ನ ಬೇರನ್ನು ತೂರಿಸಿ, ಮರದ ನೀರನ್ನೂ ಲವಣಗಳನ್ನೂ ಕದಿಯುತ್ತದೆ. ಆರ್ಕಿಡ್ ಹಾಗಲ್ಲ. ಮರದಿಂದ ಅದು ಪಡೆಯುವುದು ಕೂರಲು ಜಾಗ ಮಾತ್ರ. ನೀರನ್ನು ಮಳೆ ಮಂಜುಗಳಿಂದಲೂ, ಲವಣಗಳನ್ನು ಮಳೆಯೊಡನೆ ಹರಿದು ಬರುವ ದೂಳು ತರಗುಗಳಿಂದಲೂ ಸಂಪಾದಿಸಿಕೊಳ್ಳುತ್ತದೆ. ಅದು ಬಾಡಿಗೆಯವನೇ ಹೊರತು ಕಳ್ಳನಲ್ಲ.

ಬೇರಿಗೊಂದು ಅಂಗಿ

ಬೇರಿನ ತುದಿಯ ಬಳಿಯ ಸಣ್ಣ ರೋಮಗಳು ಮಣ್ಣಿನಿಂದ ನೀರು ಹೀರುತ್ತವೆ ಎಂದು ಶಾಲೆಯಲ್ಲಿ ಕಲಿಸುತ್ತಾರೆ. ಮರವಾಸಿ ಆರ್ಕಿಡ್‌ನ ಬೇರು ಈ ಪಾಠಕ್ಕೊಂದು ಸೊಗಸಾದ ಅಪವಾದ. ಅದರ ಸುತ್ತ ಸ್ಪಂಜಿನಂಥ ಒಂದು ಹೊದಿಕೆ ಇರುತ್ತದೆ. ಇದಕ್ಕೆ ವೆಲಮೆನ್ ಎಂದು ಹೆಸರು. ಇದರ ಜೀವಕೋಶಗಳು ಸತ್ತು ಟೊಳ್ಳಾದವು. ಒಣಗಿದಾಗ ಅವುಗಳಲ್ಲಿ ಗಾಳಿ ತುಂಬಿಕೊಂಡು ಬೇರು ಬೆಳ್ಳಿಯಂತೆ ಬೂದಾಗಿ ಕಾಣುತ್ತದೆ. ನೀರು ತಾಗಿದೊಡನೆ ಅದನ್ನು ಹೀರಿಕೊಂಡು ಹೊದಿಕೆ ಪಾರದರ್ಶಕವಾಗುತ್ತದೆ. ಒಳಗಿನ ಹಸುರು ಹೊರಗೆ ಕಾಣುತ್ತದೆ. ಆ ಹಸುರು ಪತ್ರಹರಿತ್ತು. ಅಂದರೆ ಈ ಬೇರು ಎಲೆಯಂತೆ ಬೆಳಕಿನಲ್ಲಿ ಆಹಾರವನ್ನೂ ತಕ್ಕಮಟ್ಟಿಗೆ ತಯಾರಿಸಬಲ್ಲದು. ಅಂಥ ಬೇರನ್ನು ಕತ್ತರಿಸಿದರೆ ಗಿಡದ ಬಾಯಿಯ ಜತೆಗೆ ಕೈಯನ್ನೂ ಕತ್ತರಿಸಿದಂತೆ.

ಮಕ್ಕಳು ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಹೊರಗೆ ಚಾಚಿದ ಒಂದು ಒಣ ಬೇರಿನ ಮೇಲೆ ನಾಲ್ಕು ಹನಿ ನೀರು ಬಿಟ್ಟರೆ ಸಾಕು. ಬೂದುಬಣ್ಣ ಹಸುರಾಗುವುದು ಕಣ್ಣೆದುರೇ ನಡೆಯುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ಒಣ ಕುಂಡವನ್ನು ತೂಗಿ, ನೀರು ಹಾಕಿ ಬಸಿದ ಮೇಲೆ ಮತ್ತೆ ತೂಗಿ, ದಿನವೂ ಬರೆದಿಡುತ್ತಾ ಹೋದರೆ, ಅದು ಒಣಗಲು ಎಷ್ಟು ದಿನ ಬೇಕೆಂಬುದು ತಿಳಿಯುತ್ತದೆ. ಆ ಮನೆಗೆ, ಆ ಕುಂಡಕ್ಕೆ, ಆ ಋತುವಿಗೆ ನೀರು ಹಾಕುವ ಸರಿಯಾದ ಅಂತರ ಅದೇ. ಯಾವ ಪುಸ್ತಕವೂ ಅಷ್ಟು ಖಚಿತವಾಗಿ ಹೇಳಲಾರದು.

ಅಂಗಡಿಯ ಕುಂಡದೊಳಗೆ

ಆರ್ಕಿಡ್‌ನ ಬೀಜ ದೂಳಿನಷ್ಟು ಸಣ್ಣದು. ಭತ್ತ, ಹೆಸರುಕಾಳಿನಲ್ಲಿರುವಂತೆ ಅದರಲ್ಲಿ ಮೊಳಕೆಗೆ ಬೇಕಾದ ಆಹಾರದ ಗಂಟು ಇರುವುದಿಲ್ಲ. ಕಾಡಿನಲ್ಲಿ ಒಂದು ಬಗೆಯ ಶಿಲೀಂಧ್ರದ ನೆರವು ಸಿಕ್ಕಿದರಷ್ಟೇ ಅದು ಮೊಳೆಯುತ್ತದೆ. ಅಮೆರಿಕದ ಲೂಯಿಸ್ ನಡ್ಸನ್ 1922ರಲ್ಲಿ ಶಿಲೀಂಧ್ರವಿಲ್ಲದೆಯೇ ಸಕ್ಕರೆ ಬೆರೆಸಿದ ಅಗರ್ ಮೇಲೆ ಬೀಜ ಮೊಳೆಯುವುದನ್ನು ತೋರಿಸಿದರು. ಫ್ರಾನ್ಸಿನ ಜಾರ್ಜ್ ಮೊರೆಲ್ 1960ರಲ್ಲಿ ಗಿಡದ ತುದಿಯ ಎಳೆಯ ಅಂಗಾಂಶದಿಂದ ಆರ್ಕಿಡ್‌ಗಳನ್ನು ಬೆಳೆಸುವ ದಾರಿ ತೋರಿದರು. ಒಂದು ಕಾಲಕ್ಕೆ ಶ್ರೀಮಂತರ ಸೊತ್ತಾಗಿದ್ದ ಹೂ ಸಾಮಾನ್ಯರ ಕೈಗೆಟುಕಿದ್ದು ಹೀಗೆ. ಭಾರತದಲ್ಲೂ ಆರ್ಕಿಡ್‌ಗೆಂದೇ ರಾಷ್ಟ್ರೀಯ ಸಂಶೋಧನಾ ಕೇಂದ್ರವೊಂದು ಸಿಕ್ಕಿಮಿನ ಪಾಕ್ಯೋಂಗ್‌ನಲ್ಲಿ 1996ರಲ್ಲಿ ಸ್ಥಾಪನೆಯಾಯಿತು.

ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಅಗಲ ಎಲೆಯ, ಪತಂಗದಂಥ ಹೂವಿನ ಫೆಲನಾಪ್ಸಿಸ್ ಮತ್ತು ಕಬ್ಬಿನಂತೆ ಗೆಣ್ಣುಗೆಣ್ಣಾದ ಕಾಂಡದ ಡೆಂಡ್ರೋಬಿಯಂ. ಫೆಲನಾಪ್ಸಿಸ್ ಬೇರಿನ ನಡುವೆ ಹಲವು ಬಾರಿ ಸ್ಫ್ಯಾಗ್ನಂ ಎಂಬ ಪಾಚಿಯ ಉಂಡೆಯನ್ನು ಒತ್ತಿ ತುಂಬಿರುತ್ತಾರೆ. ಹದವಾದ ಗಾಳಿ, ಉಷ್ಣತೆ, ಅಳತೆಯ ನೀರಿನ ಹಸಿರುಮನೆಯಲ್ಲಿ ಅದು ಸರಿ. ಮನೆಯಲ್ಲಿ ದಿನವೂ ನೀರು ಸುರಿದರೆ ಅದೇ ಉಂಡೆ ನಡುವಿನಲ್ಲಿ ಒದ್ದೆಯಾಗಿಯೇ ಉಳಿದು ಕೊಳೆಯುತ್ತದೆ. ಹೊರಸುತ್ತಿನ ಬೇರು ಚೆನ್ನಾಗಿದ್ದೂ ಒಳಗಿನದು ಸತ್ತಿರುವುದು ಇದರಿಂದಲೇ.

ಬದಲಿಸಬೇಕೆ, ಬೇಡವೆ?

ಬೇರು ಹೊರಬಂದಿದೆ ಎಂಬ ಒಂದೇ ಕಾರಣಕ್ಕೆ ಕುಂಡ ಬದಲಿಸಬೇಕಾಗಿಲ್ಲ. ಒಳಗಿನ ತುಂಬುವಸ್ತು ಗಟ್ಟಿಯಾಗಿದ್ದು, ನೀರು ಸರಾಗವಾಗಿ ಬಸಿಯುತ್ತಿದ್ದರೆ ಇನ್ನೊಂದು ವರ್ಷ ಹಾಗೆಯೇ ಬಿಡಬಹುದು. ತುಂಬುವಸ್ತು ಪುಡಿಯಾಗಿ ಕೆಸರಿನಂತಾಗಿದ್ದರೆ, ಹುಳಿವಾಸನೆ ಬರುತ್ತಿದ್ದರೆ, ಬೇರು ಒತ್ತೊತ್ತಾಗಿ ತುಂಬಿ ನೀರು ಇಳಿಯುವುದೇ ಕಷ್ಟವಾಗಿದ್ದರೆ, ಅಥವಾ ಮೇಲಿನ ಭಾರಕ್ಕೆ ಕುಂಡ ಪದೇ ಪದೇ ಉರುಳುತ್ತಿದ್ದರೆ ಬದಲಿಸಬೇಕು. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಈ ಕೆಲಸ ಬರುತ್ತದೆ.

ಹೂ ಇರುವಾಗ ಮುಟ್ಟಬಾರದು. ಹೂ ಮುಗಿದು, ಬೇರಿನ ತುದಿಯಲ್ಲಿ ಹೊಸ ಹಸುರು ಚಿಗುರು ಕಾಣಿಸುವುದೇ ಸಕಾಲ. ಡೆಂಡ್ರೋಬಿಯಂ ಆದರೆ ಬುಡದಲ್ಲಿ ಹೊಸ ಮೊಳಕೆ ಬರುವವರೆಗೆ ಕಾಯಬೇಕು.

ಬದಲಿಸುವ ಬಗೆ

ಬೇಕಾದ ಸಾಮಾನು ಹಳ್ಳಿಮನೆಯ ಹಿತ್ತಿಲಲ್ಲೇ ಇದೆ. ತೆಂಗಿನ ಸಿಪ್ಪೆಯ ತುಂಡುಗಳು, ಸೌದೆಯ ಇದ್ದಿಲು, ಒಡೆದ ಹೆಂಚಿನ ಚೂರುಗಳು; ಎಲ್ಲವೂ ಒಂದು ಅಂಗುಲದಷ್ಟು ದಪ್ಪ. ಸಿಪ್ಪೆಯನ್ನು ಎರಡು ಮೂರು ದಿನ ನೀರಿನಲ್ಲಿ ನೆನೆಸಿ, ನಡುವೆ ನೀರು ಬದಲಿಸಿ, ಒಗರೂ ಉಪ್ಪೂ ಹೋದ ಮೇಲೆ ಬಳಸಬೇಕು. ಮಣ್ಣು ಬೇಡ, ಸಗಣಿ ಗೊಬ್ಬರವೂ ಬೇಡ.

ಮೊದಲು ಗಿಡವನ್ನು ಕುಂಡಸಹಿತ ಕಾಲು ಗಂಟೆ ನೀರಿನಲ್ಲಿಡಬೇಕು. ಒಣ ಬೇರು ಕಡ್ಡಿಯಂತೆ ಮುರಿಯುತ್ತದೆ, ತೊಯ್ದದ್ದು ಬಾಗುತ್ತದೆ. ಪ್ಲಾಸ್ಟಿಕ್ ಕುಂಡವನ್ನು ಸುತ್ತಲೂ ಮೆಲ್ಲಗೆ ಹಿಸುಕಿ ಗಿಡವನ್ನು ಬಿಡಿಸಬೇಕು. ಬಾರದಿದ್ದರೆ ಎಳೆಯಬಾರದು, ಕುಂಡವನ್ನೇ ಕತ್ತರಿಸಬೇಕು. ಹತ್ತು ರೂಪಾಯಿಯ ಕುಂಡಕ್ಕಿಂತ ಬೇರು ದೊಡ್ಡದು. ಮಣ್ಣಿನ ಕುಂಡಕ್ಕೆ ಬೇರು ಅಂಟಿಕೊಂಡಿದ್ದರೆ ಕುಂಡವನ್ನು ಒಡೆದು, ಅಂಟಿದ ಚೂರನ್ನು ಬೇರಿನೊಡನೆಯೇ ಹೊಸ ಕುಂಡಕ್ಕೆ ಇಳಿಸಿದರಾಯಿತು.

ಹಳೆಯ ಪಾಚಿ, ಪುಡಿಗಳನ್ನು ಬೆರಳಿನಿಂದ ಬಿಡಿಸಿ ತೆಗೆದ ಮೇಲೆ ಪ್ರತಿ ಬೇರನ್ನೂ ಮೆಲ್ಲಗೆ ಒತ್ತಿ ನೋಡಬೇಕು. ಗಟ್ಟಿಯಾದದ್ದು ಬಿಳಿ, ಬೂದು, ಹಸುರು, ಹಳದಿ ಯಾವ ಬಣ್ಣದ್ದಾಗಿದ್ದರೂ ಬದುಕಿದೆ. ಬೆಳಕು ಕಾಣದ ಬೇರು ಹಳದಿಯಾಗುವುದು ಸಹಜ. ಮೆತ್ತಗಾಗಿ, ಕಂದಾಗಿ, ಒತ್ತಿದರೆ ನೀರು ಬಿಡುವುದು, ಸಿಪ್ಪೆ ಕಳಚಿ ಒಳಗಿನ ನೂಲು ಮಾತ್ರ ಉಳಿಯುವುದು ಸತ್ತ ಬೇರು. ಅದನ್ನಷ್ಟೇ ಬೆಂಕಿಯಲ್ಲಿ ಕಾಯಿಸಿ ಆರಿಸಿದ ಕತ್ತರಿಯಿಂದ ತೆಗೆಯಬೇಕು. ಕತ್ತರಿ ಹಿಡಿಯುವ ಕೆಲಸ ದೊಡ್ಡವರದು. ಒತ್ತಿ ನೋಡಿ ಹೇಳುವ ಕೆಲಸವನ್ನು ಮಕ್ಕಳಿಗೆ ಬಿಡಬಹುದು.

ಹೊಸ ಕುಂಡ ಹಳೆಯದಕ್ಕಿಂತ ಒಂದು ಅಂಗುಲ ಅಗಲವಿದ್ದರೆ ಸಾಕು. ದೊಡ್ಡ ಕುಂಡದಲ್ಲಿ ಬೇರಿಲ್ಲದ ಜಾಗವೆಲ್ಲ ಒದ್ದೆಯಾಗಿಯೇ ಉಳಿಯುತ್ತದೆ. ತಳದಲ್ಲಿಯೂ ಬದಿಗಳಲ್ಲಿಯೂ ತೂತುಗಳಿರಬೇಕು. ಬಳ್ಳಿಗಾವಿಯ ಪ್ರಸಿದ್ಧ ಕೋಡಿಯಮಠಕ್ಕೆ ಆ ಹೆಸರು ಬಂದದ್ದು ಕೆರೆಯ ಕೋಡಿಯ ಬಳಿ ಇದ್ದುದರಿಂದ. 1162ರ ಶಾಸನ ಕೊಂಡಾಡುವ ಆ ವಿದ್ಯಾಕೇಂದ್ರದಲ್ಲಿ ವೇದ, ವ್ಯಾಕರಣಗಳ ಪಾಠ ನಡೆಯುತ್ತಿತ್ತು. ಹಸಿದವರಿಗೆ ಅನ್ನ, ರೋಗಿಗಳಿಗೆ ಔಷಧ ದೊರೆಯುತ್ತಿತ್ತು. ಹೆಚ್ಚಿನ ನೀರು ಹೊರಹೋಗಲು ಕೋಡಿಯಿಲ್ಲದ ಕೆರೆ ಉಳಿಯದು ಎಂಬುದು ಆ ಸೀಮೆಯ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆರ್ಕಿಡ್ ಕುಂಡಕ್ಕೂ ಅದೇ ನ್ಯಾಯ.

ಗಿಡವನ್ನು ನಡುವೆ ಹಿಡಿದು, ಬೇರುಗಳನ್ನು ಸುತ್ತ ಹರಡಿ, ಸಂದುಗಳಿಗೆ ಸಿಪ್ಪೆ, ಇದ್ದಿಲು, ಹೆಂಚಿನ ಚೂರುಗಳನ್ನು ಇಳಿಬಿಡಬೇಕು, ಒತ್ತಿ ಜಡಿಯಬಾರದು. ಎಲೆಗಳು ಹುಟ್ಟುವ ನಡುನೆತ್ತಿ ಹೂತುಹೋಗಬಾರದು. ಮೊದಲಿನಿಂದ ಗಾಳಿಯಲ್ಲೇ ಬೆಳೆದ ಬೇರು ಸುಲಭವಾಗಿ ಬಾಗದಿದ್ದರೆ ಹೊರಗೇ ಇರಲಿ. ಅದನ್ನು ಬಲವಂತವಾಗಿ ಒಳಗೆ ತುರುಕಿದರೆ ಮುರಿಯುತ್ತದೆ, ಮುರಿದದ್ದು ಕೊಳೆಯುತ್ತದೆ. ಗಿಡ ಅಲುಗಾಡದಂತೆ ಒಂದು ಬಿದಿರು ಕಡ್ಡಿಗೆ ಕಟ್ಟಿದರೆ ಕೆಲಸ ಮುಗಿಯಿತು.

ಆಮೇಲಿನ ದಿನಗಳು

ಬೇರು ಕತ್ತರಿಸಿದ್ದರೆ ಗಾಯ ಒಣಗಲು ಮೂರು ನಾಲ್ಕು ದಿನ ನೀರು ಬೇಡ. ಆಮೇಲೂ ಬೇರು ಬೂದುಬಣ್ಣಕ್ಕೆ ತಿರುಗಿದಾಗ ಮಾತ್ರ, ಬೆಳಿಗ್ಗೆ ಹೊತ್ತು, ಧಾರಾಳವಾಗಿ ಹಾಕಿ ಪೂರ್ತಿ ಬಸಿಯಲು ಬಿಡಬೇಕು. ನಡುನೆತ್ತಿಯಲ್ಲಿ ನೀರು ನಿಂತರೆ ಬಟ್ಟೆಯ ತುದಿಯಿಂದ ಒರೆಸಬೇಕು. ಬೆಳಕು ಬೇಕು, ನಡುಮಧ್ಯಾಹ್ನದ ಬಿಸಿಲು ಬೇಡ. ಪೂರ್ವದ ಕಿಟಕಿ ಅಥವಾ ಜಗಲಿಯ ಅಂಚು ಒಳ್ಳೆಯದು. ಮಳೆಗಾಲದಲ್ಲಿ ಸೂರಿನ ನೀರು ಬೀಳದಂತೆ ಒಳಗೆ ಸರಿಸಬೇಕು. ಗೊಬ್ಬರ ಒಂದು ತಿಂಗಳ ನಂತರ, ಅದೂ ತೀರ ತೆಳ್ಳಗೆ ಕರಗಿಸಿದ್ದು.

ಕುಂಡ ಬದಲಿಸಿದ ಮೇಲೆ ಒಂದೋ ಎರಡೋ ಹಳೆಯ ಎಲೆ ಹಳದಿಯಾಗಿ ಉದುರಬಹುದು. ಗಾಬರಿಪಡಬೇಕಾಗಿಲ್ಲ. ಹೂವಿಲ್ಲದ ತಿಂಗಳುಗಳಲ್ಲಿ ಗಿಡ ಸತ್ತಿತೆಂದು ತಿಪ್ಪೆಗೆಸೆಯುವವರೂ ಇದ್ದಾರೆ. ಆಗ ಅದು ಬೇರು ಎಲೆಗಳನ್ನು ಕಟ್ಟಿಕೊಳ್ಳುತ್ತಿರುತ್ತದೆ. ಫೆಲನಾಪ್ಸಿಸ್‌ಗೆ ಕೆಲವು ವಾರಗಳ ತಂಪು ಹವೆಯೇ ಹೊಸ ಹೂಕಡ್ಡಿಯ ಸೂಚನೆ. ಚೆನ್ನಾಗಿ ನೋಡಿಕೊಂಡ ಗಿಡ ಹತ್ತಾರು ವರ್ಷ ಬಾಳುತ್ತದೆ.

ಕಾಡಿನದು ಕಾಡಿಗೇ ಇರಲಿ

ಕೊನೆಯದಾಗಿ ಒಂದು ಎಚ್ಚರಿಕೆ. ಅಂಗಡಿಯ ಗಿಡ ಚೆನ್ನಾಗಿ ಬಂತೆಂಬ ಉತ್ಸಾಹದಲ್ಲಿ ಕಾನಿಗೆ ಹೋಗಿ ಸೀತಾಳೆಯನ್ನು ಕಿತ್ತು ತರುವುದು ಸಲ್ಲ. ಅನುಮತಿಯಿಲ್ಲದೆ ಅರಣ್ಯದಿಂದ ಗಿಡ ತೆಗೆಯುವುದು ಕಾನೂನಿಗೆ ವಿರುದ್ಧ. ಆರ್ಕಿಡ್‌ಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಸೈಟಿಸ್ ಒಪ್ಪಂದದ ಕಡಿವಾಣವಿದೆ. ಅದಕ್ಕಿಂತ ಮುಖ್ಯವಾದದ್ದು ಬೇರಿನ ಮಾತು. ತೊಗಟೆಗೆ ಅಂಟಿದ ಬೇರನ್ನು ಹರಿಯದೆ ಸೀತಾಳೆಯನ್ನು ಬಿಡಿಸುವುದು ಅಸಾಧ್ಯವೆನ್ನುವಷ್ಟು ಕಷ್ಟ. ಬೇರು ಹರಿದ ಗಿಡ ಮನೆಯ ಮಾವಿನ ಮರದಲ್ಲಿ ಒಣಗುತ್ತದೆ, ಕಾನಿನ ಮರದಲ್ಲಿ ಅದರ ಜಾಗ ಬರಿದಾಗುತ್ತದೆ. ಕೊಂಡು ತಂದ ಗಿಡವನ್ನು ಕುಂಡದಲ್ಲಿ ಬೆಳೆಸಬೇಕು. ಸೀತಾಳೆಯನ್ನು ಮಳೆ ಶುರುವಾಗುವ ಹೊತ್ತಿಗೆ ಮಕ್ಕಳನ್ನು ಕರೆದೊಯ್ದು, ಮರದ ಕೆಳಗೆ ನಿಲ್ಲಿಸಿ, ಕತ್ತೆತ್ತಿ ತೋರಿಸಬೇಕು.